ತೊಣ್ಣೂರಿನ ದಾರಿಯಲ್ಲಿ ಒಂದು ಹುಲ್ಲಿನ ಗಂಟು

ಹೊರಟದ್ದು ಕೆರೆತೊಣ್ಣೂರಿನ ನೀರು ನೋಡಲು. ಆದರೆ ಈ ಪ್ರವಾಸದಲ್ಲಿ ಬರೆಯುವಂಥದ್ದು ನಡೆದದ್ದು ಪಾಂಡವಪುರ ಇನ್ನೂ ಬರುವ ಮೊದಲು, ರಸ್ತೆ ಬದಿಯ ಟೀ ಅಂಗಡಿಯ ಮುಂದೆ.

ಕಾರಿನ ತಲೆಯ ಮೇಲೆ ಇದ್ದದ್ದು ಒಂದೇ ಕಯಾಕ್, ಹುಟ್ಟು ಹಾಕಿ ನಡೆಸುವ ಕಿರುದೋಣಿ. 12 ಅಡಿ ಉದ್ದ, ಸುಮಾರು 25 ಕಿಲೋ ತೂಕ, ಪಾಲಿಎಥಿಲೀನಿನದು. ಎರಡು ಹೇರುವ ಆಸೆ ಎಲ್ಲರಿಗೂ ಬರುತ್ತದೆ. ಕಾರಿನ ಕೈಪಿಡಿ ತೆಗೆದು ನೋಡಿದರೆ ಆಸೆ ಇಳಿಯುತ್ತದೆ. ಅನೇಕ ಕಾರುಗಳ ಚಾವಣಿಗೆ ಹೇಳಿರುವ ಮಿತಿ 50ರಿಂದ 75 ಕಿಲೋ, ಅದರಲ್ಲಿ ದೋಣಿ ಕೂರಿಸುವ ಅಡ್ಡ ಕಂಬಿಗಳ ತೂಕವೂ ಸೇರಿದೆ. ಮಿತಿ 50 ಇರುವ ಕಾರಿಗೆ ಎರಡು ದೋಣಿ ಹೇರಿದರೆ ಕಂಬಿಯ ಲೆಕ್ಕದಲ್ಲೇ ಮೀರಿಹೋಯಿತು.

ಮೈಸೂರಿನಲ್ಲಿ ಇನ್ನೂ ಮಂಜು ಬೀಳುತ್ತಿದ್ದಾಗಲೇ ಹೇರಿಕೆ. ಇಬ್ಬರು ಬೇಕು, ತುದಿಗೊಬ್ಬರು. ಅಡ್ಡ ಕಂಬಿಗಳ ನಡುವೆ ಕಾರು ಬಿಟ್ಟಷ್ಟು ಅಂತರ ಕೊಡಬೇಕು. ಇಲ್ಲಿ 75 ಸೆಂಟಿಮೀಟರ್ ಸಿಕ್ಕಿತು. ಕಂಬಿಗೆ ಫೋಮ್ ಸುತ್ತಿ, ದೋಣಿಯನ್ನು ಬೋರಲು ಹಾಕಬೇಕು. ಮೇಲೆ ಕೂತು ಹುಟ್ಟು ಹಾಕುವ ಇಂಥ ಕಯಾಕಿನ ಅಂಚು ಗಡುಸು, ಹೊಟ್ಟೆ ಮೆದು. ಭಾರ ಅಂಚಿನ ಮೇಲೇ ಬೀಳಲಿ.

ಪಟ್ಟಿಯ ವಿಷಯಕ್ಕೆ ಬಂದರೆ ಸಿಟ್ಟು ಇನ್ನೂ ಆರಿಲ್ಲ. ಅಂಗಡಿಯಲ್ಲಿ ‘ಇದೇ ಗಟ್ಟಿ’ ಎಂದು ಮೊದಲು ಕೊಟ್ಟದ್ದು ಲಾರಿಗೆ ಹಾಕುವ ರ್‍ಯಾಚೆಟ್ ಪಟ್ಟಿ. ಅದರ ಹಿಡಿ ನಾಲ್ಕು ಸಲ ಆಡಿಸಿದರೆ ಪ್ಲಾಸ್ಟಿಕ್ಕಿನ ಹೊಟ್ಟೆ ತಟ್ಟೆಯ ಹಾಗೆ ತಗ್ಗುತ್ತದೆ, ಕೈಗೆ ಗೊತ್ತೂ ಆಗುವುದಿಲ್ಲ. ಬೇಕಾದದ್ದು ಒಂದಂಗುಲ ಅಗಲದ, 12ರಿಂದ 15 ಅಡಿ ಉದ್ದದ ಪಾಲಿಯೆಸ್ಟರ್ ಪಟ್ಟಿ, ಹಲ್ಲಿನಿಂದ ಕಚ್ಚಿ ಹಿಡಿಯುವ ಸಾದಾ ಕ್ಯಾಮ್ ಬಕಲ್‌ನದು. ಕೈಯಲ್ಲಿ ಎಳೆದಷ್ಟೇ ಬಿಗಿ, ಅಷ್ಟೇ ಸಾಕು. ಪಟ್ಟಿ ದೋಣಿಯ ಮೇಲಿಂದ ಬಂದು ಕಂಬಿಯ ಕೆಳಗೆ ತೂರಿ ಮತ್ತೆ ಮೇಲೆ ಹೋಗಬೇಕು. ಕಂಬಿಯ ಕಾಲಿಗಿಂತ ಒಳಗಡೆ ತೂರಿಸಿದರೆ ಜಾರಿ ಹೊರಬರುವ ದಾರಿಯೇ ಇರುವುದಿಲ್ಲ. ಗಾಳಿಗೆ ಸಿಕ್ಕುವ ಕಡೆ ಪಟ್ಟಿಗೆ ಒಂದು ತಿರುವು ಕೊಡಿ. ನೇರ ಬಿಟ್ಟರೆ ವೇಗ ಏರಿದಂತೆ ಅದು ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ.

ಶ್ರೀರಂಗಪಟ್ಟಣದವರೆಗೆ ಎಲ್ಲ ಸರಿಯಾಗಿತ್ತು. ಕಾವೇರಿ ಸೇತುವೆಯ ಮೇಲೆ ಬಸ್ಸೊಂದು ಪಕ್ಕದಲ್ಲಿ ನುಗ್ಗಿಹೋದಾಗ ಗಾಜಿನ ಮುಂದೆ ದೋಣಿಯ ಮೂತಿ ಒಂದು ಗೇಣು ಎದ್ದು ಕೂತಿತು. ಎರಡು ಪಟ್ಟಿ ಹಿಡಿಯುವುದು ನಡುವನ್ನು ಮಾತ್ರ. ಮುಂದೆ ಚಾಚಿದ ಭಾಗ ಏತದ ಮರದ ಹಾಗೆ. ವೇಗ ಎರಡರಷ್ಟಾದರೆ ಗಾಳಿಯ ಒತ್ತಡ ನಾಲ್ಕರಷ್ಟು. 40ರಲ್ಲಿ ಸುಮ್ಮನಿದ್ದ ಮೂತಿ 80ರಲ್ಲಿ ಕಂಬಿಯನ್ನೇ ಮೀಟತೊಡಗುತ್ತದೆ. ಮುಂದೊಂದು ಹಗ್ಗ ಕಟ್ಟಿತ್ತು, ನಿಜ. ಅದು ಸಡಿಲವಾಗಿತ್ತು.

ಪಾಂಡವಪುರದ ಕಡೆ ತಿರುಗಿದ ಮೇಲೆ ಟೀಗೆ ನಿಲ್ಲಿಸಿದಾಗ ಅಲ್ಲಿ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ನಿಂತಿತ್ತು. ಹುಲ್ಲು ಟ್ರೈಲರಿನ ಆಚೀಚೆ ಉಬ್ಬಿ, ಮನೆಯೇ ಎದ್ದು ಹೊರಟಂತೆ. ಯಜಮಾನರು ಲೋಟ ಹಿಡಿದೇ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು.

“ಏನಣ್ಣ, ಮೊಸಳೆ ಕಟ್ಕಂಡ್ ಬಂದಂಗದೆ?”

“ದೋಣಿ ಯಜಮಾನ್ರೇ. ತೊಣ್ಣೂರಿಗೆ.”

“ನಡ ಕಟ್ಟಿದ್ದೀರಿ, ಮೂತಿ ಬುಟ್ಟಿದ್ದೀರಿ.” ಮುಂದಿನ ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. “ಮಂಜ್ಗೆ ನೆಂದದೆ. ಇದು ಎಳೀತದೆ, ನೈಲಾನು.”

ಮಾತು ನಿಜ. ನೈಲಾನ್ ನೆನೆದರೆ ಹಿಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಟ್ರೈಲರಿನಿಂದ ತಮ್ಮದೇ ಒಂದು ತುಂಡು ಹಗ್ಗ ತಂದು ಒಂದು ತುದಿಯನ್ನು ದೋಣಿಯ ಮೂತಿಯ ಹಿಡಿಗೆ ಗಂಟು ಹಾಕಿದರು. ನಡುವಿನಲ್ಲಿ ಹಗ್ಗವನ್ನು ತಿರುಚಿ ಒಂದು ಕುಣಿಕೆ. ಉಳಿದ ತುದಿ ಕೆಳಗೆ ಬಂಪರಿನ ಎಳೆಕೊಕ್ಕೆಯೊಳಗೆ (ಕೆಟ್ಟುನಿಂತ ಕಾರನ್ನು ಎಳೆಯಲು ಹಗ್ಗ ಕಟ್ಟುವ ಕೊಕ್ಕೆ) ಹಾಯ್ದು, ಮತ್ತೆ ಮೇಲೆ ಬಂದು ಆ ಕುಣಿಕೆಯಲ್ಲಿ ತೂರಿತು. ಈಗ ತುದಿಯನ್ನು ಕೆಳಕ್ಕೆ ಎಳೆದರೆ ರಾಟೆ ಇಲ್ಲದ ರಾಟೆ. ಲೆಕ್ಕದಲ್ಲಿ ಮೂರು ಪಟ್ಟು ಬಲ. ಹಗ್ಗಕ್ಕೆ ಹಗ್ಗ ಉಜ್ಜುವುದರಿಂದ ಕೈಗೆ ಸಿಗುವುದು ಅದಕ್ಕಿಂತ ಕಡಿಮೆ, ಆದರೂ ಬೇಕಾದ್ದಕ್ಕಿಂತ ಹೆಚ್ಚೇ. ಕುಣಿಕೆಯ ಬಾಯನ್ನು ಚಿವುಟಿ ಹಿಡಿದು, ಅದರ ಕೆಳಗೆ ಎರಡು ಸುತ್ತು, ಕೊನೆಯದು ಜೀರುಗುಣಿಕೆ.

“ಅಷ್ಟು ಬಿಗಿದರೆ ಬಾಗುತ್ತೆ ಯಜಮಾನ್ರೇ, ಪ್ಲಾಸ್ಟಿಕ್ಕು.”

“ಹುಲ್ಲಾದ್ರೆ ಕಾಲು ಕೊಟ್ಟು ಎಳೀತೀನಿ. ಇದ್ಕೆ ಎರಡು ಬೆಳ್ಳು ಸಾಕು. ಎಳೀಬೇಡಿ, ಹಿಡ್ಕಳಿ ಅಂತ ಹೇಳಿ ಅಷ್ಟೆಯ.”

“ಈ ಗಂಟಿಗೆ ಏನಂತೀರಿ?”

“ಅನ್ನೋದೇನು ಬಂತು, ಹಗ್ಗ ಹಾಕದು.” ಲೋಟ ಇಟ್ಟು ಮತ್ತೆ ತಿರುಗಿದರು. “ಹಂಪು ಹತ್ತಿ ಇಳುದ್ರೆ ಲೋಡು ಕುಂತ್ಕತದೆ. ಊರು ದಾಟಿದೇಟ್ಗೆ ಇಳ್ದು ಒಂದ್ ಕಿತ ಮುಟ್ ನೋಡಿ.”

ಹುಲ್ಲು ಕೂರುವ ಹಾಗೆ ಫೋಮೂ ಕೂರುತ್ತದೆ, ಪಟ್ಟಿಯೂ ಬಕಲಿನಲ್ಲಿ ಚೂರು ಜಾರುತ್ತದೆ. ಪಾಂಡವಪುರ ದಾಟಿ ಇಳಿದು ನೋಡಿದರೆ ಹಿಂದಿನ ಪಟ್ಟಿಗೆ ಎರಡು ಬೆರಳು ಸಲೀಸಾಗಿ ಹೋಗುತ್ತಿತ್ತು.

ಎಳೆಕೊಕ್ಕೆಯ ಬಗ್ಗೆ ಒಂದು ಮಾತು. ಅನೇಕ ಕಾರುಗಳಲ್ಲಿ ಅದು ಡಿಕ್ಕಿಯಲ್ಲಿ ಸ್ಟೆಪ್ನಿಯ ಸಲಕರಣೆ ಜೊತೆ ಬಿದ್ದಿರುತ್ತದೆ. ಬಂಪರಿನ ಚಿಕ್ಕ ಮುಚ್ಚಳ ತೆಗೆದು ತಿರುಪಿ ಕೂರಿಸಬೇಕು. ಮುಂದೆ ಸಿಗುವುದು ಸಾಮಾನ್ಯವಾಗಿ ಒಂದೇ ಕಡೆ. ಹಗ್ಗ ಮೂತಿಯಿಂದ ಎರಡೂ ಬದಿಗೆ ಇಳಿದರೆ ಮಾತ್ರ ಅಡ್ಡಗಾಳಿಗೆ ದೋಣಿ ತಿರುಗುವುದಿಲ್ಲ. ಅದಕ್ಕೆ ಬಾನೆಟ್ ಒಳಗಿನ ಅಂಚಿನ ಬೋಲ್ಟಿಗೆ ವಾಷರ್ ಹಾಕಿ ಪಟ್ಟಿಯ ಕುಣಿಕೆ ಸಿಕ್ಕಿಸಿ; ಬಾನೆಟ್ ಮುಚ್ಚಿದಾಗ ಕುಣಿಕೆ ಹೊರಗೆ ನಿಲ್ಲುತ್ತದೆ. ಬಂಪರಿನ ಪ್ಲಾಸ್ಟಿಕ್ ಜಾಲರಿಗೆ ಕಟ್ಟುವುದು ಕಟ್ಟಿದಂತಲ್ಲ.

ದೋಣಿ ಹಿಂದಕ್ಕೆ ಚಾಚುವುದನ್ನೂ ನೋಡಿಕೊಳ್ಳಿ. 12 ಅಡಿ ಎಂದರೆ 3.66 ಮೀಟರ್, 4 ಮೀಟರಿನೊಳಗಿನ ಚಿಕ್ಕ ಕಾರಿಗಿಂತ ಗಿಡ್ಡ. ಆದರೂ ಚಾವಣಿಯ ನಡುಭಾಗ ಹಿಂದಕ್ಕಿರುವುದರಿಂದ ಬಾಲ ಹೊರಬರುತ್ತದೆ. ಸ್ವಲ್ಪ ಮುಂದೆ ತಳ್ಳಿ, ಬಾಲಕ್ಕೆ ಕೆಂಪು ಬಟ್ಟೆ ಕಟ್ಟಿ. ಮಿತಿ ಮೀರಿ ಚಾಚಿದ ಹೊರೆಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುವ ದಂಡ 20,000 ರೂಪಾಯಿ.

ತೊಣ್ಣೂರು ಬಗ್ಗೆ? ಗುಡ್ಡಗಳ ನಡುವೆ ಕೆರೆ, ತಿಳಿನೀರು. ನಂಬಿನಾರಾಯಣ ಗುಡಿಯ ತಣ್ಣನೆಯ ಕಲ್ಲು ಕೆರೆಗಿಂತಲೂ ಹಿಡಿಸಿತು. ದಡದಲ್ಲಿ ಬಿದ್ದ ಪ್ಲಾಸ್ಟಿಕ್ ಲೋಟಗಳು ಮಾತ್ರ ಹಿಡಿಸಲಿಲ್ಲ.

ಮರಳುವಾಗ ಕಟ್ಟಿದ ದೋಣಿಯನ್ನು ಊಟಕ್ಕೆಂದು ಬಿಸಿಲಲ್ಲೇ ನಿಲ್ಲಿಸಬೇಕಾಯಿತು. ಆಗ ಪಟ್ಟಿ ಸಡಿಲಿಸದಿದ್ದರೆ ಕಾದ ಪ್ಲಾಸ್ಟಿಕ್ ಮೆತ್ತಗಾಗಿ ಕಂಬಿಯ ಅಚ್ಚು ಬೀಳುತ್ತದೆ. ವಿಚಿತ್ರ ಎಂದರೆ ಅದೇ ಬಿಸಿಲು ಹಳೆಯ ತಗ್ಗನ್ನೂ ಎಬ್ಬಿಸುತ್ತದೆ. ರ್‍ಯಾಚೆಟ್ ಮಾಡಿದ್ದ ತಟ್ಟೆ ಸಂಜೆಗೆ ಮುಕ್ಕಾಲು ಪಾಲು ತುಂಬಿಕೊಂಡಿತ್ತು. ಹೊರಡುವ ಮುಂಚೆ ಮತ್ತೆ ಬಿಗಿಯುವುದನ್ನು ಮರೆಯದಿರಲು ಒಂದು ಪಟ್ಟಿಯ ತುದಿಯನ್ನು ಚಾಲಕನ ಬಾಗಿಲಿನ ಹಿಡಿಗೆ ಸುತ್ತಿಟ್ಟರೆ ಸಾಕು. ನೆಲದಿಂದ ದೋಣಿಯ ಬೆನ್ನಿನವರೆಗಿನ ಎತ್ತರವನ್ನೂ ಅಳೆದು ಸ್ಟೇರಿಂಗ್ ಪಕ್ಕ ಚೀಟಿ ಅಂಟಿಸಿ. ರೈಲ್ವೆ ಕೆಳಸೇತುವೆಯ ಮುಂದೆ ಎತ್ತರದ ಮಿತಿ ತೋರಿಸುವ ಕಂಬಿ ಕಂಡಾಗ ಬ್ರೇಕ್ ಹಾಕಿ ಲೆಕ್ಕ ಹಾಕಲು ಹಿಂದಿನ ಗಾಡಿಗಳು ಬಿಡುವುದಿಲ್ಲ.

ಮೈಸೂರಿನಲ್ಲಿ ಇಳಿಸುವಾಗ ಕತ್ತಲೆ. ಪಟ್ಟಿಗಳ ಬಕಲ್ ಹುಡುಕಲು ಮೊಬೈಲಿನ ಬೆಳಕು ಬೇಕಾಯಿತು. ಮುಂದಿನ ಹಗ್ಗದ ತುದಿ ಎಳೆದದ್ದೇ ತಡ, ಗಂಟು ತಾನಾಗಿ ಬಿಚ್ಚಿಕೊಂಡು ಬಾನೆಟ್ ಮೇಲೆ ನಾಲ್ಕು ಹುಲ್ಲುಕಡ್ಡಿ ಉದುರಿದವು.