ದೊಡ್ಡಮ್ಮನ ಬಲಪಕ್ಕೆ

14-3-2024, ಗುರುವಾರ ರಾತ್ರಿ

ಸಂಜೆ ದೊಡ್ಡಮ್ಮ ಬಾಗಿಲು ಹಾಕಿಕೊಂಡು ಬೆನ್ನು ತೋರಿಸಿದರು. ಬೆನ್ನುಮೂಳೆಯ ಬಲಗಡೆಯಿಂದ ಪಕ್ಕೆ ಬಳಸಿ ಎದೆಯ ಕೆಳಗಿನವರೆಗೆ ಕೆಂಪು ಪಟ್ಟಿ, ಅದರ ಮೇಲೆ ಗೊಂಚಲು ಗೊಂಚಲು ನೀರುಗುಳ್ಳೆ. ಎಡಗಡೆ ಒಂದೂ ಇಲ್ಲ. ಸರ್ಪಸುತ್ತು.

ಭಾನುವಾರದಿಂದ ಅಲ್ಲೇ ಉರಿ, ಅಲ್ಲೇ ಚುಚ್ಚುತ್ತದೆ ಅನ್ನುತ್ತಿದ್ದರು. ನಾವು ಗ್ಯಾಸ್ ಅಂದುಕೊಂಡು ಓಮದ ನೀರು ಕೊಟ್ಟೆವು. ಗುಳ್ಳೆ ಎದ್ದದ್ದು ನಿನ್ನೆ ಬೆಳಿಗ್ಗೆ. ಇದರಲ್ಲಿ ಎಷ್ಟೋ ಸಲ ನೋವೇ ಮೊದಲು ಬರುತ್ತದೆ.

"ಹೋದ ವರ್ಷದ ಹುಳುಕಡ್ಡಿನೇ ಮತ್ತೆ ಬಂತು ಅಂತ ಅದೇ ಟ್ಯೂಬ್ ಹಚ್ಚಿದೆ ಕಣೇ." ಆ ಸ್ಟೀರಾಯ್ಡ್ ಟ್ಯೂಬ್ ಹುಳುಕಡ್ಡಿಗೇ ಒಳ್ಳೆಯದಲ್ಲ. ತುರಿಕೆ ನಿಂತ ಹಾಗಾಗಿ, ಬಿಟ್ಟ ಮೇಲೆ ಇನ್ನೂ ಜಾಸ್ತಿ ಹರಡುತ್ತದೆ. ಹುಳುಕಡ್ಡಿ ಉಂಗುರದ ಹಾಗೆ ಅಂಚಿನಿಂದ ಬೆಳೆಯುತ್ತದೆ. ಪಿತ್ತದ ಗಂಧೆ ಆದರೆ ಇಲ್ಲಿ ಎದ್ದದ್ದು ಒಂದು ದಿನದೊಳಗೆ ಅಡಗಿ ಇನ್ನೆಲ್ಲೋ ಏಳುತ್ತದೆ. ಹೀಗೆ ಒಂದೇ ಪಕ್ಕದಲ್ಲಿ ಪಟ್ಟಿಯಾಗಿ ನಿಲ್ಲುವುದಿಲ್ಲ.

ಡಾಕ್ಟರು ನೋಡಿದ ತಕ್ಷಣ ಹೇಳಿದರು. ಅಸೈಕ್ಲೋವಿರ್ 800, ದಿನಕ್ಕೆ ಐದು ಸಲ, ಏಳು ದಿನ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಒಳ್ಳೆಯದಂತೆ. ಸದ್ಯ, ಇನ್ನೂ ಎರಡು ದಿನವಾಗಿಲ್ಲ.

ಆಟೋದಲ್ಲಿ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡರು. "ಹೆಡೆ ಬಾಲ ಕೂಡಿದರೆ ಉಳಿಯಲ್ಲ ಅಂತಾರಲ್ಲ?" ನಿನ್ನೆ ರಾತ್ರಿಯೆಲ್ಲ ಕತ್ತಲಲ್ಲಿ ಬೆರಳಾಡಿಸಿ, ಎಲ್ಲಿಯವರೆಗೆ ಬಂತು ಅಂತ ನೋಡಿಕೊಳ್ಳುತ್ತಿದ್ದರಂತೆ. ಪಕ್ಕದ ರೂಮಲ್ಲೇ ನಾನು ಮಲಗಿದ್ದೆ. ನನ್ನನ್ನು ಎಬ್ಬಿಸಬಾರದಿತ್ತಾ?

"ಚಿಕ್ಕಂದಿನಲ್ಲಿ ನಿಮಗೆ ಅಮ್ಮ, ಅದೇ ಚಿಕನ್‌ಪಾಕ್ಸ್, ಆಗಿತ್ತಲ್ವಾ, ಆ ವೈರಸ್ಸೇ ನರದ ಬುಡದಲ್ಲಿ ಮಲಗಿತ್ತು. ಈಗ ಎದ್ದಿದೆ. ಬಲಗಡೆಯ ನರ ಬಲಗಡೆಗೇ ಸೀಮಿತ, ನಡುಮಧ್ಯಕ್ಕೆ ನಿಲ್ಲುತ್ತದೆ. ಇನ್ನು ಸುತ್ತಿದರೂ ಪ್ರಾಣ ಹೋಗುತ್ತದೆ ಅನ್ನೋದು ಸುಳ್ಳು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಅಜ್ಜಿ ಬೇವಿನಸೊಪ್ಪಿನ ಮೇಲೆ ಮಲಗಿಸಿದ್ದಳು" ಅಂದರು. ಮತ್ತೆ, "ಆದ್ರೂ ಒಂದ್ಸಲ ಕೆಮ್ಮಣ್ಣು ಹಚ್ಚಿಸಿಕೊಂಡು ಬರಲಾ?" ಒಡೆದ ಗುಳ್ಳೆಗೆ ಮಣ್ಣು ಬೇಡ ಅಂತ ಕೈ ಮುಗಿದೆ.

ಗುಳ್ಳೆ ಹೋದ ಮೇಲೂ ನೋವು ತಿಂಗಳುಗಟ್ಟಲೆ ಉಳಿಯಬಹುದು. ಅದನ್ನು ಇವತ್ತು ಹೇಳಲಿಲ್ಲ.

ಹನ್ನೊಂದು ಗಂಟೆಯ ಮಾತ್ರೆ ಕೊಟ್ಟಾಯಿತು. ಈಗ ಸುಮಾ ಚಿಂತೆ. ಐದು ತಿಂಗಳ ಬಸುರಿ, ಶನಿವಾರ ಬರುತ್ತೇನೆ ಅಂದಿದ್ದಾಳೆ. ಅವಳಿಗೆ ಅಮ್ಮ ಆಗಿತ್ತೋ ಇಲ್ಲವೋ ದೊಡ್ಡಮ್ಮನಿಗೂ ನೆನಪಿಲ್ಲ. ಗುಳ್ಳೆಯೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಬರಬೇಡ ಅನ್ನಬೇಕು. ಆದರೆ ದೊಡ್ಡಮ್ಮ ಅವಳಿಗೋಸ್ಕರ ನಿಪ್ಪಟ್ಟಿನ ಹಿಟ್ಟು ಬೀಸಿಸಿಟ್ಟಿದ್ದಾರೆ.