ಚಿಕ್ಕಮ್ಮನ ಶುಶ್ರೂಷೆಯ ಬಾಕಿ

ಅಮೆರಿಕದಲ್ಲಿ ದಶಕಗಳ ಕಾಲ ನೆಲೆಸಿ ಅಲ್ಲಿಯ ಪೌರತ್ವವನ್ನೂ ಪಡೆದಿದ್ದ ನಮ್ಮ ಚಿಕ್ಕಮ್ಮ ತೀರಿಕೊಂಡ ಮೇಲೆ, ಅವರ ಕೊನೆಗಾಲದ ಶುಶ್ರೂಷೆಗೆ ಮಾಡಿದ ವೆಚ್ಚವನ್ನು ಅವರ ಆಸ್ತಿಯಿಂದ ಮರಳಿಸಬೇಕೆಂದು ಅಲ್ಲಿಯ ಸರ್ಕಾರದ ನೋಟಿಸು ಬಂತು. ಚಿಕ್ಕಪ್ಪ ಮೊದಲೇ ಹೋಗಿದ್ದರು, ಮಕ್ಕಳಿರಲಿಲ್ಲ. ವಿಲ್ ಪ್ರಕಾರ ಅವರ ಮನೆ ಅಕ್ಕನ ಮಕ್ಕಳಾದ ನಮಗೆ ಸೇರಬೇಕಿತ್ತು. ಹಾಗಾಗಿ, ವಿಲ್ ಜಾರಿಯ ಹೊಣೆ ಹೊತ್ತು ಅಲ್ಲಿಯೇ ಇರುವ ನಮ್ಮ ಬಂಧುವೊಬ್ಬರು ಆ ನೋಟಿಸಿನ ಪ್ರತಿಯನ್ನು ಶಿವಮೊಗ್ಗಕ್ಕೆ ನನಗೂ ಕಳುಹಿಸಿದರು.

ತೀರ್ಥಹಳ್ಳಿಯಲ್ಲಿರುವ ಅಣ್ಣನಿಗೆ ಫೋನಿನಲ್ಲಿ ಓದಿ ಹೇಳಿದಾಗ, "ಸತ್ತವರ ಋಣ ಉಳಿಸಿಕೊಳ್ಳಬಾರದು ಮಾರಾಯ, ಈ ಸಲದ ಅಡಿಕೆ ಮಂಡಿಗೆ ಹೋದ ಮೇಲೆ ನಾವೇ ಕಟ್ಟಿಬಿಡೋಣ" ಎಂದ. ಅತ್ತಿಗೆಗೆ ತೋಟವೇ ಜಪ್ತಿಯಾದೀತೆಂಬ ಭಯ. ಎರಡಕ್ಕೂ ಆಧಾರವಿರಲಿಲ್ಲ. ಈ ಬೇಡಿಕೆ ಇರುವುದು ಮೃತರು ಬಿಟ್ಟುಹೋದ ಆಸ್ತಿಯ ಮೇಲೆಯೇ ಹೊರತು ವಾರಸುದಾರರ ಸ್ವಂತ ದುಡ್ಡಿನ ಮೇಲಲ್ಲ; ತೋಟವಂತೂ ನಮ್ಮ ತಂದೆಯ ಕಡೆಯದು, ಅದರ ಪಹಣಿಯಲ್ಲಿ ಚಿಕ್ಕಮ್ಮನ ಹೆಸರು ಎಂದೂ ಇರಲಿಲ್ಲ. ನಮ್ಮ ಕಾನೂನೂ ಈ ವಿಷಯದಲ್ಲಿ ಬೇರೆಯಾಗಿಲ್ಲ: ಮೃತರ ಸಾಲಕ್ಕೆ ವಾರಸುದಾರರು ತಮ್ಮ ಕೈಗೆ ಬಂದ ಅವರ ಆಸ್ತಿಯ ಮಟ್ಟಿಗೆ ಮಾತ್ರ ಬಾಧ್ಯರು, ಮತ್ತು ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂಬ ಒಂದೇ ಕಾರಣಕ್ಕೆ ಮಗನ ಮೇಲೆ ದಾವೆ ಹೂಡುವ ಹಳೆಯ ಹಿಂದೂ ಕಾನೂನಿನ ನಿಯಮವನ್ನು, ಮುಂದಿನ ಸಾಲಗಳಿಗೆ ಅನ್ವಯವಾಗುವಂತೆ, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯೇ ತೆಗೆದುಹಾಕಿದೆ.

ಅಲ್ಲಿ ಹಿರಿಯರ ಚಿಕಿತ್ಸೆಗೆ ಎರಡು ಯೋಜನೆಗಳಿವೆ. ಅರವತ್ತೈದು ದಾಟಿದವರಿಗೆ ಸಿಗುವ ಮೆಡಿಕೇರ್ ಸಾಮಾನ್ಯವಾಗಿ ಆಸ್ತಿಯ ತಂಟೆಗೆ ಬರುವುದಿಲ್ಲ. ಕಡಿಮೆ ಆದಾಯದವರಿಗಾಗಿ ಕೇಂದ್ರವೂ ರಾಜ್ಯವೂ ಸೇರಿ ನಡೆಸುವ ಮೆಡಿಕೇಡ್ ಮಾತ್ರ ಬರುತ್ತದೆ. ವರ್ಷಗಟ್ಟಲೆಯ ನರ್ಸಿಂಗ್ ಹೋಮ್ ವಾಸದ ಖರ್ಚನ್ನು ಭರಿಸುವುದೂ ಅದೇ. ಬದುಕಿರುವಾಗ ಸ್ವಂತ ಮನೆಯನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯದ ಈ ಯೋಜನೆ, ಫಲಾನುಭವಿ ಸತ್ತ ಮೇಲೆ ಅದೇ ಮನೆಯತ್ತ ತಿರುಗುತ್ತದೆ. ಐವತ್ತೈದು ವಯಸ್ಸಿನ ನಂತರ ಪಡೆದ ನರ್ಸಿಂಗ್ ಹೋಮ್ ಆರೈಕೆ, ಮನೆಯಲ್ಲೇ ಪಡೆದ ದೀರ್ಘಕಾಲದ ಆರೈಕೆ ಮತ್ತು ಅವಕ್ಕೆ ಸಂಬಂಧಿಸಿದ ಆಸ್ಪತ್ರೆ ಹಾಗೂ ಔಷಧಿಯ ವೆಚ್ಚವನ್ನು ವಸೂಲು ಮಾಡುವುದನ್ನು 1993ರ ಕೇಂದ್ರ ಕಾನೂನು ಎಲ್ಲ ರಾಜ್ಯಗಳಿಗೂ ಕಡ್ಡಾಯ ಮಾಡಿತು. ಮೃತರ ಪತಿ ಅಥವಾ ಪತ್ನಿ ಬದುಕಿರುವಷ್ಟು ಕಾಲ, ಇಪ್ಪತ್ತೊಂದರೊಳಗಿನ ಮಕ್ಕಳಿದ್ದರೆ, ಅಥವಾ ಯಾವ ವಯಸ್ಸಿನವರೇ ಆಗಲಿ ಅಂಧ ಇಲ್ಲವೇ ಅಂಗವಿಕಲ ಮಕ್ಕಳಿದ್ದರೆ ವಸೂಲಿ ಮಾಡುವಂತಿಲ್ಲ. ತೀವ್ರ ಕಷ್ಟವಾಗುತ್ತದೆಂದು ತೋರಿಸಿ ವಿನಾಯಿತಿ ಕೇಳಲೂ ಅವಕಾಶವಿದೆ. ಕುಟುಂಬಕ್ಕೆ ಏಕೈಕ ಜೀವನಾಧಾರವಾದ ಹೊಲವನ್ನು ಕೇಂದ್ರದ ಮಾರ್ಗಸೂಚಿಯೇ ಉದಾಹರಣೆಯಾಗಿ ಕೊಡುತ್ತದೆ. ಸಾವಿರಾರು ಮೈಲಿ ದೂರದಲ್ಲಿ ಆರಾಮವಾಗಿರುವ ನಮಗೆ ಇವು ಯಾವುವೂ ಹೊಂದುತ್ತಿರಲಿಲ್ಲ.

ಉಳಿದದ್ದು ಲೆಕ್ಕ ನೋಡುವ ಕೆಲಸ. ನೋಟಿಸಿನಲ್ಲಿದ್ದದ್ದು ಒಂದೇ ಒಟ್ಟು ಮೊತ್ತವಾದ್ದರಿಂದ ವಕೀಲರ ಮೂಲಕ ವಿವರ ಕೇಳಿಸಿದೆವು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಸೇವೆ, ಯಾರಿಗೆ ಎಷ್ಟು ಪಾವತಿ ಎಂದು ಸಣ್ಣಕ್ಷರದ ಸಾಲುಗಳು ಪುಟಗಟ್ಟಲೆ ಬಂದವು. ನರ್ಸಿಂಗ್ ಹೋಮಿನ ತಿಂಗಳ ಮೊತ್ತಗಳ ನಡುವೆ, ಸರ್ಕಾರವೇ ಚಿಕ್ಕಮ್ಮನ ಪರವಾಗಿ ಕಟ್ಟಿದ್ದ ಮೆಡಿಕೇರ್ ಕಂತುಗಳೂ ನುಸುಳಿದ್ದವು. ಕಡಿಮೆ ಆದಾಯದವರಿಗೆಂದು ಮೆಡಿಕೇರ್ ಉಳಿತಾಯ ಯೋಜನೆಗಳಡಿ ಹೀಗೆ ಕಟ್ಟಿದ ಹಣವನ್ನು 2010ರ ಜನವರಿಯಿಂದೀಚೆಗೆ ವಸೂಲು ಮಾಡುವಂತಿಲ್ಲ. ವಕೀಲರು ಲಿಖಿತವಾಗಿ ಆಕ್ಷೇಪಿಸಿದ ಮೇಲೆ ಅವನ್ನು ಕಳೆದು ಹೊಸ ಲೆಕ್ಕ ಕೊಟ್ಟರು. ಸರ್ಕಾರಿ ಲೆಕ್ಕವೆಂದರೆ ಸಹಿ ಹಾಕಿ ಸುಮ್ಮನಾಗುವ ನಮ್ಮ ಜನ ಇಷ್ಟನ್ನಾದರೂ ಗಮನಿಸಬೇಕು.

ಇದೆಲ್ಲ ಮುಗಿಯುವವರೆಗೆ ಆ ಬಂಧು ಒಂದು ಬೆಳ್ಳಿ ಲೋಟವನ್ನೂ ಯಾರಿಗೂ ಕೊಡಲಿಲ್ಲ. ತಂಗಿ ಮುನಿಸಿಕೊಂಡಳು. ಆದರೆ ಬಾಕಿ ಇತ್ಯರ್ಥವಾಗುವ ಮೊದಲೇ ಪಾಲು ಹಂಚಿದರೆ, ಹಂಚಿದವರೇ ಕೈಯಿಂದ ಕಟ್ಟಬೇಕಾಗಿ ಬರಬಹುದಾದ್ದರಿಂದ ಅವರ ಬಿಗಿ ಸರಿಯಾಗಿಯೇ ಇತ್ತು.

ಕೊನೆಗೆ ಮನೆ ಮಾರಾಟವಾಗಿ, ಕೋರ್ಟು ಮತ್ತು ವಕೀಲರ ಖರ್ಚು, ಅಂತ್ಯಕ್ರಿಯೆಯ ಖರ್ಚು, ಆಮೇಲೆ ಸರ್ಕಾರದ ಬಾಕಿ ಕಳೆದು ಉಳಿದದ್ದು ನಮಗೆ ಬಂತು. ನಮ್ಮ ಪಾಲನ್ನು ಸರ್ಕಾರ ನುಂಗಿತೆಂದು ಅತ್ತಿಗೆ ಈಗಲೂ ಹೇಳುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ, ಹಾಸಿಗೆ ಹಿಡಿದ ಚಿಕ್ಕಮ್ಮನನ್ನು ವರ್ಷಗಟ್ಟಲೆ ಹಗಲೂ ರಾತ್ರಿಯೂ ನೋಡಿಕೊಂಡವರಿಗೆ ಸಂಬಳ ಕೊಟ್ಟದ್ದು ಆ ಸರ್ಕಾರವೇ ಹೊರತು ನಾವ್ಯಾರೂ ಅಲ್ಲ.