ಜೂನ್ 1ರ ಮಕ್ಕಳು

ಇತಿಹಾಸದ ಮಾಸ್ತರು ಹೋದರೆಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ ನಾನು ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಹಳೆಯ ಕಾಗದವೊಂದರ ಮೇಲೆ ಬಗ್ಗಿ ಕೂತಿದ್ದೆ. ಮೊದಲು ಸಾಲಿನುದ್ದಕ್ಕೂ ಗೆರೆ ಎಳೆದು, ಆಮೇಲೆ ಕೈ ಎತ್ತದೆ ಅಕ್ಷರ ತೂಗುಹಾಕುತ್ತ ಹೋಗುವ ಲಿಪಿ ಅದು. ಹ್ರಸ್ವ ದೀರ್ಘಗಳ ಗೊಡವೆಯಿಲ್ಲ. ಅದನ್ನು ಓದುವ ಚಟ ಹಚ್ಚಿದವರೇ ಅವರು.

ಏಳನೇ ತರಗತಿಯಲ್ಲಿ ಏನು ಕಲಿತೆವೋ ಈಗ ನೆನಪಿಲ್ಲ. ನೆನಪಿರುವುದು ಒಂದೇ: "ನಿಮ್ಮ ಮನಿತನದ್ದು ಏಳು ತಲಿ ಬರಕೊಂಡು ಬರ್ರಿ" ಎಂದಿದ್ದರು. ಅಜ್ಜನ ಅಪ್ಪನಿಂದಾಚೆ ನನಗೆ ಗೊತ್ತಿರಲಿಲ್ಲ. ಪುಸ್ತಕ ತೆಗೆದು ನಾಲ್ಕನೆಯವ ಪುಲಕೇಶಿ, ಐದನೆಯವ ವಿಕ್ರಮಾದಿತ್ಯ, ಆರನೆಯವ ವಿನಯಾದಿತ್ಯ ಎಂದು ಬರೆದುಕೊಟ್ಟೆ. ಮಾಸ್ತರು ಓದಿ, ಬೆತ್ತದ ಕಡೆ ನೋಡಲೂ ಇಲ್ಲ. "ಲೇ, ಮಗನ್ನ ಅಪ್ಪನ ಜಾಗಾದಾಗ ಕುಂಡ್ರಿಸೀಯಲ್ಲೋ! ವಿಕ್ರಮಾದಿತ್ಯ ಪುಲಕೇಶಿ ಮಗ" ಅಂದರು. ಇಡೀ ವರ್ಗ ನಕ್ಕಿತು.

ಸುಗ್ಗಿ ಮುಗಿದ ಮೇಲೆ, ಮನೆತನಗಳ ವಂಶಾವಳಿ ಹೇಳುತ್ತ ಊರೂರು ತಿರುಗುವ ಹೆಳವ ನಮ್ಮೂರಿಗೆ ಬಂದ. ಜೂಲು ಹಾಕಿದ ಎತ್ತು, ಕೈಯಲ್ಲಿ ಗಂಟೆ, ಬಗಲಲ್ಲಿ ಬಟ್ಟೆ ಸುತ್ತಿದ ಹೊತ್ತಿಗೆ. ಮಾಸ್ತರು ನನ್ನ ಕಿವಿ ಹಿಡಿದು ನಮ್ಮ ಮನೆಯ ಕಟ್ಟೆಗೇ ಕರೆತಂದರು. ಅವ ಒಂದೇ ಉಸಿರಿನಲ್ಲಿ ಏಳು ಹೆಸರು ಹೇಳಿದ. ಒಬ್ಬನೂ ರಾಜನಲ್ಲ. "ದೊಡ್ಡ ಬರದಾಗ ಎರಡು ಎತ್ತು ಹೊಡಕೊಂಡು ಈ ಊರಿಗೆ ಬಂದ್ರು" ಎಂದ. ಅದು 1876-78ರ ಬರ ಎಂದು ಮಾಸ್ತರು ನನಗೆ ಬಿಡಿಸಿ ಹೇಳಿದರು. ಹೆಣ್ಣುಮಕ್ಕಳ ಹೆಸರೇ ಇಲ್ಲವಲ್ಲ ಎಂದು ಅಮ್ಮ ಬಾಗಿಲ ಮರೆಯಿಂದ ಕೇಳಿದಳು. ಅವ ನಕ್ಕು ಜೋಳ ಅಳೆಸಿಕೊಂಡ. ಮಾಸ್ತರು ಮಾತ್ರ ನಗಲಿಲ್ಲ. ಕಿಸೆಯಿಂದ ಚೀಟಿ ತೆಗೆದು ಅಮ್ಮನ ತವರಿನ ಹೆಸರುಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡರು.

ಯಾವ ಕಾಗದ ಕೈಗೆ ಬಂದರೂ ಅವರದು ಒಂದೇ ಪ್ರಶ್ನೆ: "ಇದನ್ನ ಬರದಾವ ಯಾರು, ಯಾಕ ಬರದ?" ಇವತ್ತು ಆ ಪ್ರಶ್ನೆಯಿಂದಲೇ ನನ್ನ ಹೊಟ್ಟೆ ತುಂಬುತ್ತಿದೆ. ಪಹಣಿ, ಮ್ಯುಟೇಶನ್, ಕುಲಕರ್ಣಿ ದಫ್ತರಗಳಲ್ಲಿ ಮನೆತನ ಹುಡುಕಿಕೊಡುತ್ತೇನೆ. ಅಮೆರಿಕದಿಂದಲೂ ಫೋನು ಬರುತ್ತವೆ. ಜಂಬ ಅಂದರೆ ಅನ್ನಿ, ಮೋಡಿ ಓದಬೇಕೆಂದರೆ ನಮ್ಮ ಕಡೆ ನನ್ನ ವಿಳಾಸವನ್ನೇ ಕೊಡುತ್ತಾರೆ. ಈಗಿನ ಮಕ್ಕಳಿಗೂ ವಂಶವೃಕ್ಷದ ಪ್ರಾಜೆಕ್ಟ್ ಕೊಡುತ್ತಾರಂತೆ. ಝೆರಾಕ್ಸ್ ಅಂಗಡಿಯಲ್ಲಿ ಬಣ್ಣದ ಮರ ಸಿದ್ಧವಾಗಿಯೇ ಸಿಗುತ್ತದೆ, ಫೋಟೊ ಅಂಟಿಸಿದರಾಯಿತು. ಸುಳ್ಳು ಬರೆಯುವಷ್ಟು ಕಷ್ಟವನ್ನೂ ಯಾರೂ ಪಡುತ್ತಿಲ್ಲ.

ಮಣ್ಣಿಗೆ ಹೋಗಿ ಬರುವಾಗ ಸಾಲೆಗೆ ಹೊಕ್ಕೆ. ಹೆಡ್‌ಮಾಸ್ತರು ಹಳೆಯ ದಾಖಲಾತಿ ರಜಿಸ್ಟರ್ ತೆಗೆಸಿಕೊಟ್ಟರು. ನನ್ನ ಹೆಸರು ಮಾಸ್ತರ ದುಂಡಗಿನ ಅಕ್ಷರದಲ್ಲಿತ್ತು. ಮಹಾನವಮಿಯ ಹಿಂದುಮುಂದು ಹುಟ್ಟಿದೆ ಎಂದು ಅಮ್ಮ ಹೇಳುತ್ತಿದ್ದಳು. ಅಲ್ಲಿರುವುದು ಜೂನ್ 1. ನನ್ನ ಮೇಲಿನವನದೂ ಜೂನ್ 1, ಕೆಳಗಿನ ಮೂವರದೂ ಅದೇ. ಸಾಲೆ ಸುರುವಾಗುವ ದಿನಕ್ಕೆ ವಯಸ್ಸು ಹೊಂದಬೇಕಿತ್ತು, ಹೊಂದಿಸಿದ್ದಾರೆ. ಯಾರ್‍ಯಾರದೋ ದಾಖಲೆಗಳ ತಪ್ಪು ಹಿಡಿಯುವ ನಾನು ಪಾಸ್‌ಪೋರ್ಟಿನವರೆಗೂ ಅದೇ ತಾರೀಖನ್ನು ಹೊತ್ತು ತಿರುಗಿದ್ದೇನೆ.

ಇನ್ನೂ ಹಳೆಯ ರಜಿಸ್ಟರ್ ಕೇಳಿದೆ. ಮಾಸ್ತರೂ ಇದೇ ಸಾಲೆಯಲ್ಲಿ ಕಲಿತವರು. ಹುಳು ತಿಂದ ಹಾಳೆಯಲ್ಲಿ, ಬೇರೆ ಯಾರದೋ ಕೈಬರಹದಲ್ಲಿ, ಅವರ ಹೆಸರು ಸಿಕ್ಕಿತು. ಹೊರಗೆ ಗೇಟಿಗೆ ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲೂ ಅದೇ ತಾರೀಖು ಅಚ್ಚಾಗಿತ್ತು: ಜನನ, ಜೂನ್ 1.